ಬಿಜಲಿ ಯಾಕೆ ಸೋತಳು?

ನವೆಂಬರ್ 24, ಭಾನುವಾರ

ಜನರ ಮುಂದೆ ನಿಂತು ಮಾತಾಡಿ ತಿಂಗಳುಗಳೇ ಆಗಿದ್ದವು. ಇವತ್ತು ಬಾಗೂರಿನ ಬಯಲಲ್ಲಿ ಅಷ್ಟು ದೊಡ್ಡ ಜಾತ್ರೆಯಂಥ ಜನದ ಮುಂದೆ ಮಾತಾಡಿಬಂದೆ. ಮೈಯೆಲ್ಲ ಧೂಳು. ಸ್ನಾನ ಮಾಡಿದರೂ ಕೂತಲ್ಲಿ ಕೂರಲಾಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೈಸ್ಕೂಲಿನಲ್ಲಿ ಜೊತೆಗೆ ಓದಿದ ಕುಮಾರ ಈಗ ಕುದುರೆಗಾಡಿ ಓಟ ನಡೆಸುವ ಸಮಿತಿಯಲ್ಲಿದ್ದಾನೆ. ಮೈಕಿಗೆ ಗೊತ್ತುಮಾಡಿದ್ದ ಮನುಷ್ಯ ಬೆಳಿಗ್ಗೆ ಕೈಕೊಟ್ಟನಂತೆ. "ಲೇ ರಜನಿ, ಅಷ್ಟು ವರ್ಷ ಕಾಲೇಜಲ್ಲಿ ಹಳಗನ್ನಡ ಹೇಳಿದೀಯ. ಯಾರಿಗೂ ಅರ್ಥ ಆಗದ್ದನ್ನ ಗಂಟೆಗಟ್ಲೆ ಹೇಳಿದೋನಿಗೆ ಕುದುರೆ ಓಡೋದು ಹೇಳಕ್ಕಾಗಲ್ವೇನ್ಲಾ? ಬಾರ್ಲಾ" ಅಂದ. ಹೋದೆ. ಮನೆಯಲ್ಲಿದ್ದು ಮಾಡುವುದೇನು? ಈ ವರ್ಷದ ಅತಿಥಿ ಉಪನ್ಯಾಸಕರ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ಹೆಂಡತಿ ನಿಧಿ ಬೆಳಿಗ್ಗೆ ಪಾಠ ಮಾಡಲು ಅವಳ ಶಾಲೆಗೆ ಹೋದರೆ ಸಂಜೆವರೆಗೆ ನಾನು ಮತ್ತು ಗೋಡೆ.

ಎರಡೆರಡು ಗಾಡಿಗಳನ್ನು ಒಟ್ಟಿಗೆ ಬಿಡುತ್ತಾರೆ. ಗೆದ್ದದ್ದು ಮುಂದಿನ ಸುತ್ತಿಗೆ, ಸೋತದ್ದು ಮನೆಗೆ. ಮೊದಲು ನಾಲಿಗೆ ತೊದಲಿತು. ಆಮೇಲೆ ಹೊಳೆನರಸೀಪುರದ ಕಡೆಯ ದೇವರಾಜು ಅನ್ನುವವರ ಗಾಡಿ ಬಂತು. ಶುಂಠಿ ಬೆಳೆಯುವವರು, ಅನುಕೂಲಸ್ಥರು, ಐವತ್ತರ ಆಸುಪಾಸು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡೇ ಗಾಡಿ ಹೊಡೆಯುತ್ತಾರೆ. ಕುದುರೆ ಬೂದಿ ಬಣ್ಣದ ಹೆಣ್ಣು, ಬೆಂಗಳೂರಿನ ರೇಸಿನಲ್ಲಿ ಓಡಿ ಬಿಟ್ಟದ್ದನ್ನು ಕೊಂಡು ತಂದಿದ್ದಾರೆ. ಹೆಸರು ಬಿಜಲಿ. ಓಟಕ್ಕೆ ಮುಂಚೆ ಅವಳ ಕಿವಿಯ ಹತ್ತಿರ ಬಾಯಿಟ್ಟು ಏನೋ ಹೇಳುತ್ತಿದ್ದರು, ಮಗಳನ್ನು ಶಾಲೆಗೆ ಕಳಿಸುವವರ ಹಾಗೆ.

ಬಾವುಟ ಬಿದ್ದದ್ದೇ ಬಿಜಲಿ ಬಾಣದ ಹಾಗೆ ಹೋದಳು. "ಬಂತು ಬಂತು ಬಂತು, ಬಿಜಲಿ ಬಂತು!" ಎಂದು ಕೂಗುತ್ತಿದ್ದೆ. ಅರ್ಧ ದಾರಿಗೆ ಬಂದವಳು ಇದ್ದಕ್ಕಿದ್ದಂತೆ ನಿಧಾನವಾದಳು. ಪಕ್ಕದ ಗಾಡಿ ದಾಟಿಹೋಯಿತು. ಬಾಯಿಗೆ ತಾನಾಗಿ ಬಂತು, "ಅಯ್ಯಯ್ಯೋ, ಕರೆಂಟ್ ಹೋಯ್ತಲ್ಲಪ್ಪೋ!"

ಜನ ನಕ್ಕ ಸದ್ದು! ಅದನ್ನು ಬರೆಯಲು ಬರುವುದಿಲ್ಲ. ತರಗತಿಯಲ್ಲಿ ಇಷ್ಟು ವರ್ಷದಲ್ಲಿ ಒಮ್ಮೆಯೂ ಹಾಗೆ ಯಾರೂ ನಕ್ಕಿರಲಿಲ್ಲ.

ಆಮೇಲೆ ದೇವರಾಜು ಶಾಮಿಯಾನದ ಹತ್ತಿರ ಬಂದರು. ಬೈಯುತ್ತಾರೇನೋ ಅಂದುಕೊಂಡೆ. "ಎಡಗಡೆ ಸಾಲಲ್ಲಿ ಮಣ್ಣು ಗಟ್ಟಿ ಮೇಷ್ಟ್ರೇ. ಇವ್ಳು ಮರಳ ಮ್ಯಾಲೆ ಓಡಿ ಬೆಳದೋಳು. ಅದೂ ಅಲ್ದೆ ಲಾಳ ಒಸದು, ಕಚ್ತಾ ಐತೆ" ಅಂದರು. ಆಮೇಲೆ ಅವರೂ ನಕ್ಕರು. "ಕರೆಂಟ್ ಓಯ್ತು ಅಂದ್ರಲ್ಲ, ಚೆನ್ನಾಗಿತ್ತು ಬುಡಿ." ಎಳನೀರು ಕೆತ್ತಿಸಿ ಕೊಟ್ಟರು. ನಾನು ಹೋಗಿ ಬಿಜಲಿಯ ಕುತ್ತಿಗೆ ಸವರಿದೆ. ಉಸಿರು ಎಳೆದುಕೊಳ್ಳುವಾಗ ಶಿಳ್ಳೆಯ ಹಾಗೆ ಸಣ್ಣ ಸದ್ದು ಬರುತ್ತಿತ್ತು. ಪಾಪ, ಎಷ್ಟು ದಣಿದಿದ್ದಾಳೆ ಅನ್ನಿಸಿತು.

ನವೆಂಬರ್ 27, ಬುಧವಾರ

ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಹಾಕಿದ್ದಾರೆ. ಹಾಲು ತರಲು ಹೋದರೆ ಡೈರಿಯ ಹುಡುಗರು "ಕರೆಂಟ್ ಹೋಯ್ತಲ್ಲಪ್ಪೋ" ಅಂದರು, ನನ್ನದೇ ಧಾಟಿಯಲ್ಲಿ. ಅರಕಲಗೂಡಿನ ಓಟಕ್ಕೂ ನೀನೇ ಎಂದು ಕುಮಾರ ಫೋನು ಮಾಡಿದ. ನಿಧಿಗೆ ಖುಷಿಯಾಗಿದೆ. "ಎಷ್ಟು ದಿನ ಆಯ್ತು ರೀ ನೀವು ಹಾಡು ಗುನುಗಿ" ಅಂದಳು. ಗುನುಗುತ್ತಿದ್ದೆನಂತೆ.

ಡಿಸೆಂಬರ್ 15, ಭಾನುವಾರ

ಅರಕಲಗೂಡು. ಇವತ್ತು ಹೊಸದೊಂದು ಮಾಡಿದೆ. ಓಟ ಮುಗಿದ ಕೂಡಲೇ ಗೆದ್ದವರನ್ನು ಮಾತಾಡಿಸುವುದು ಎಲ್ಲ ಕಡೆ ಇದೆ. ನಾನು ಸೋತವರ ಹತ್ತಿರ ಹೋದೆ. ಉದ್ದ ವಯರಿನ ಮೈಕು ಹಿಡಿದು, ಬಹಳ ವಿನಯದಿಂದ, "ಅಣ್ಣಾ, ಯಾಕೆ ಸೋತ್ರಿ?" ಎಂದು ಕೇಳುವುದು.

ಕೆಲವರು ಕೈ ಬೀಸಿ ಹೋಗಿಬಿಟ್ಟರು. ದೇವರಾಜಣ್ಣ ಹಾಗಲ್ಲ. ಕೇಳಿದ್ದಕ್ಕೆ ಉತ್ತರ ಕೊಡದೆ ಇರಲು ಆ ಮನುಷ್ಯನಿಗೆ ಬರುವುದೇ ಇಲ್ಲ. ನಿಂತು, ಬೆವರು ಒರೆಸಿಕೊಂಡು, ಮೈಕಿಗೆ ನಮಸ್ಕಾರ ಮಾಡಿ ಶುರುಮಾಡಿದರು. "ಪಕ್ಕದ ಗಾಡೀಲಿ ಗಂಟೆ ಕಟ್ಟಿದ್ರು ಮೇಷ್ಟ್ರೇ, ಇವ್ಳು ಆ ಸದ್ದಿಗೆ ಬೆದರ್ತಾಳೆ."

"ಸರಿ, ಗಂಟೆ. ಇನ್ನೇನಣ್ಣ?"

"ಬಿಸ್ಲು ಎದುರ್ಗೇ ಒಡೀತಿತ್ತು."

"ಗಂಟೆ, ಬಿಸಿಲು. ಇನ್ನೇನು?"

ಸ್ವಲ್ಪ ತಡೆದರು. ಆಮೇಲೆ ದನಿ ತಗ್ಗಿಸಿ, ಮೈಕು ಮೂಗಿನ ಮುಂದೆಯೇ ಇದೆ ಅನ್ನುವುದು ಮರೆತು, "ಬೆದೆಗೆ ಬಂದವ್ಳೆ ಮೇಷ್ಟ್ರೇ" ಅಂದರು.

ಬಯಲಿಗೆ ಬಯಲೇ ಬಿದ್ದು ಬಿದ್ದು ನಕ್ಕಿತು. "ಹಾಗಾದ್ರೆ ಗಂಡು ಕುದುರೆ ಹಿಂದೆ ಓಡಿದ್ದು ತಪ್ಪಲ್ಲ ಬಿಡಿ!" ಅಂದೆ. ಮರದ ಮೇಲೆ ಕೂತಿದ್ದವನೊಬ್ಬ ಕೊಂಬೆಯಿಂದ ಜಾರಿ ಬಿದ್ದನಂತೆ. ದೇವರಾಜಣ್ಣ ಆಮೇಲೂ ಏನೋ ಹೇಳುತ್ತಿದ್ದರು, ನಗುವಿನಲ್ಲಿ ಕೇಳಿಸಲಿಲ್ಲ. ಮುಂದಿನ ಓಟದ ಹೊತ್ತಿಗೆ ಜನ ತಾವೇ ಕೂಗಲು ಶುರುಮಾಡಿದರು, "ಪವರ್ ಕಟ್ ದೇವ್ರಾಜು! ಪವರ್ ಕಟ್ ದೇವ್ರಾಜು!" ಅದನ್ನು ನಾನು ಹೇಳಿಕೊಟ್ಟದ್ದಲ್ಲ. ಜನರಿಗೆ ತಾನಾಗಿ ಹೊಳೆದದ್ದು.

ಡಿಸೆಂಬರ್ 17, ಮಂಗಳವಾರ

ನಿಧಿ ಅರಕಲಗೂಡಿನ ವಿಡಿಯೋ ನೋಡಿದಳು. ಒಮ್ಮೆಯಲ್ಲ, ಎರಡು ಸಲ. ನಗಲಿಲ್ಲ.

"ರೀ, ಅವರು ನಗ್ತಾ ಇಲ್ಲ. ನೋಡಿದ್ರಾ?"

"ಬಾಗೂರಲ್ಲಿ ನಕ್ಕಿದ್ರು. ಎಳನೀರು ಕೊಡಿಸಿದ್ರು."

"ಅದು ಬಾಗೂರಲ್ಲಿ."

ನನಗೆ ಒಂದು ಒಳ್ಳೆಯದಾದರೆ ಇವಳಿಗೆ ತಡೆಯುವುದಿಲ್ಲವೇನೋ. ಮಾತು ತಿರುಗಿಸಿ ಅರ್ಹತಾ ಪರೀಕ್ಷೆಗೆ ಅರ್ಜಿ ಹಾಕಿದಿರಾ ಅಂದಳು. ಅದು ಪಾಸಾಗಿದ್ದರೆ ಕೆಲಸ ಹೋಗುತ್ತಿರಲಿಲ್ಲ ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಪ್ರತಿ ಸಲ ಹೀಗೇ ಕೇಳುತ್ತಾಳೆ. ಮೊದಲ ಸಲ ನನಗೆ ಜ್ವರ ಇತ್ತು. ಎರಡನೇ ಸಲ ಕೊಠಡಿಯಲ್ಲಿ ಫ್ಯಾನಿರಲಿಲ್ಲ, ಹಿಂದೆ ಕೂತವಳು ಮೂಗು ಸೇದುತ್ತಲೇ ಇದ್ದಳು. ಹೋದ ಸಲವಂತೂ ಪ್ರಶ್ನೆಗಳೇ ನಮ್ಮ ಕಾಲದವರಿಗೆ ಹಾಕಿದ್ದಲ್ಲ. ಇದೆಲ್ಲ ಅವಳಿಗೆ ಗೊತ್ತಿರುವುದೇ. ಆದರೂ ಕೇಳುತ್ತಾಳೆ.

ಜನವರಿ 4, ಶನಿವಾರ

ಬೆಳಿಗ್ಗೆ ದೇವರಾಜು ಮನೆಗೇ ಬಂದಿದ್ದರು. ಚೀಲದ ತುಂಬ ಸೊಗಡಿನ ಅವರೆಕಾಯಿ. ನಿಧಿ ಕಾಫಿ ಕೊಟ್ಟಳು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಾತು ಶುರುಮಾಡಿದರು.

"ಬಿಜಲೀನ ಆಸನದ ಡಾಕ್ಟ್ರಿಗೆ ತೋರಿಸ್ದೆ ಮೇಷ್ಟ್ರೇ. ಮೂಗಲ್ಲಿ ಪೈಪು ಬುಟ್ಟು ಟೀವಿ ಮ್ಯಾಲೆ ನೋಡುದ್ರು. ನಂಗೂ ತೋರ್ಸುದ್ರು. ಗಂಟ್ಲೊಳಗೆ ಒಂದು ಪಕ್ಕದ ನರ ಸತ್ತೋಗೈತಂತೆ. ಉಸ್ರಿನ ದಾರಿ ಪೂರ್ತಿ ತೆರ್ಕೊಳಲ್ಲ. ಜೋರಾಗಿ ಓಡುದ್ರೆ ಅರ್ಧ ದಾರೀಲಿ ಗಾಳಿ ಸಾಲ್ದೆ ನಿಂತೋಯ್ತಾಳೆ. ಅವ್ಳ ತಪ್ಪಲ್ಲ."

"ಹಾಗಾದ್ರೆ ಮಣ್ಣು, ಗಂಟೆ, ಬಿಸಿಲು, ಬೆದೆ?" ಅಂದೆ. ಬೇಕೆಂದೇ ಕೇಳಿದೆ. ಮೇಷ್ಟರಿಗೆ ಇದೆಲ್ಲ ಹೊಸದಲ್ಲ. ಒಂದೇ ಅಜ್ಜಿಯನ್ನು ಮೂರು ಸಲ ಸಾಯಿಸಿ ರಜೆ ಕೇಳಿದ ಹುಡುಗರನ್ನು ನೋಡಿದ್ದೇನೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಏನೋ ಆಯ್ತಾ ಐತೆ ಅಂತ ಗೊತ್ತಿತ್ತು. ಏನು ಅಂತ ಗೊತ್ತಿರ್ಲಿಲ್ಲ. ಉಡುಕ್ತಿದ್ದೆ. ಒಂದೊಂದ್ಸಲ ಒಂದೊಂದು ಅನ್ಸೋದು, ನೀವು ಕೇಳ್ದಾಗ ಅನ್ಸಿದ್ದು ಏಳ್ತಿದ್ದೆ. ಸುಳ್ಳು ಯಾವ್ದೂ ಏಳ್ಲಿಲ್ಲ ಮೇಷ್ಟ್ರೇ."

"ಓಡಿಸೋದನ್ನೇ ಬಿಟ್ಬಿಡಿ ಅಣ್ಣ" ಅಂದಳು ನಿಧಿ.

"ಡಾಕ್ಟ್ರು ಆರಾಮಾಗಿ ಓಡ್ಸಿ, ಪರ್ವಾಗಿಲ್ಲ, ಬಲವಂತ ಮಾಡಿ ಒಡೀಬ್ಯಾಡಿ ಅಂದವ್ರೆ ಕಣವ್ವ. ನಾನು ಯಾವತ್ತೂ ಚಾಟಿ ಮುಟ್ಟಿಲ್ಲ. ಗಾಡಿ ಕಟ್ಟೋದು ಕಂಡ್ರೆ ಕುಣೀತಾಳೆ. ಕೊನೇಲಿ ಬಂದ್ರೂ ಅವ್ಳಿಗೆ ಓಡ್ಬೇಕು." ನನ್ನ ಕಡೆ ತಿರುಗಿದರು. "ಒಂದೇ ಒಂದ್ಸಲ ಮೈಕಲ್ಲಿ ಏಳ್ಬುಡಿ ಮೇಷ್ಟ್ರೇ, ಇಂಗೆ ಕಾಯ್ಲೆ ಐತೆ ಅಂತ. ಬಸ್ಸಲ್ಲಿ, ಸೊಸೈಟೀಲಿ, ಎಲ್ಲಿ ಓದ್ರೂ ಪವರ್ ಕಟ್ ಬಂದ ಅಂತಾರೆ. ನಮ್ಮವ್ವ ಮನೆಯಿಂದ ಈಚ್ಗೆ ಬರೋದೇ ಬುಟ್ಟವ್ರೆ."

"ಹೇಳ್ತಾರೆ ಅಣ್ಣ. ಖಂಡಿತ ಹೇಳ್ತಾರೆ" ಅಂದಳು ನಿಧಿ, ನನ್ನನ್ನು ಕೇಳದೆ.

ಹೇಳುತ್ತೇನೆ ಅಂದೆ. ಅವರೆಕಾಯಿ ಚೆನ್ನಾಗಿದೆ. ಈಗ ಅದನ್ನೇ ಬಿಡಿಸುತ್ತಾ ಕೂತಿದ್ದಾಳೆ. ನನಗೆ ಮಾತ್ರ ಒಂದು ವಿಷಯ ಬಗೆಹರಿಯುತ್ತಿಲ್ಲ. ಕಾರಣ ನಿಜವೇ ಇರಲಿ, ಓಟದಲ್ಲಿ ಅದನ್ನು ಕಟ್ಟಿಕೊಂಡು ಏನಾಗಬೇಕು? ನನ್ನ ಜ್ವರವೂ ನಿಜವೇ ಆಗಿತ್ತು. ಯಾರು ಮೈಕಿನಲ್ಲಿ ಹೇಳಿದರು?

ಜನವರಿ 19, ಭಾನುವಾರ

ಹೊಳೆನರಸೀಪುರ. ದೇವರಾಜುವಿನ ಸ್ವಂತ ಸೀಮೆ. ಕೊಟ್ಟ ಮಾತಿನ ಪ್ರಕಾರ ಹೇಳಿದೆ.

"ಸ್ನೇಹಿತರೇ, ಒಂದು ಗಂಭೀರವಾದ ವಿಷಯ. ನಮ್ಮ ಬಿಜಲಿಗೆ ಗಂಟಲಲ್ಲಿ ತೊಂದರೆ ಇದೆ. ಹಾಸನದ ಡಾಕ್ಟರೇ ನೋಡಿದ್ದಾರೆ." ಇಷ್ಟು ಸರಿಯಾಗಿಯೇ ಹೇಳಿದೆ. ಬಯಲೆಲ್ಲ ಸದ್ದಿಲ್ಲ. ದೇವರಾಜು ಗಾಡಿಯ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದರು. ಆ ನಿಶ್ಶಬ್ದ ತಡೆಯಲಾಗಲಿಲ್ಲ. ಮೈಕು ಕೈಯಲ್ಲಿದ್ದಾಗ ನಿಶ್ಶಬ್ದ ಅಂದರೆ ಪ್ರಾಣ ಹೋದ ಹಾಗೆ. "ಯಾರಾದ್ರೂ ತಾಯಂದಿರು ಒಂದು ಲೋಟ ಶುಂಠಿ ಕಷಾಯ ಕಾಯಿಸಿ ತನ್ನಿ. ಶುಂಠಿಗೇನು ಬರ, ಓನರೇ ಬೆಳೀತಾರೆ!" ಅಂದುಬಿಟ್ಟೆ.

ಮುಗಿಯಿತು. ಒಬ್ಬ ಓಡಿಬಂದು ತನ್ನ ಮಫ್ಲರನ್ನು ಬಿಜಲಿಯ ಕುತ್ತಿಗೆಗೆ ಸುತ್ತಿದ. ಇನ್ನೊಬ್ಬ ಅಂಗಡಿಯಿಂದ ಕೆಮ್ಮಿನ ಔಷಧಿ ತಂದು ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿ ಹಿಡಿದ. ಹುಡುಗರು ಗುಂಪಾಗಿ ಕೆಮ್ಮಿದರು. ಬಿಜಲಿ ಬೆದರಿ ಮುಂಗಾಲು ಎತ್ತಿತು. ದೇವರಾಜು ಇಳಿದು, ಮಫ್ಲರು ಬಿಚ್ಚಿ, ಮಡಿಸಿ, ಅದು ಯಾರದೋ ಅವರ ಕೈಗೇ ಕೊಟ್ಟರು. ಓಟ ಓಡಿಸಿದರು. ಸೋತರು. ಅಭ್ಯಾಸದಂತೆ ಮೈಕು ಹಿಡಿದು ಹೋದೆ. "ಯಾಕಣ್ಣಾ?" ಅಂದೆ.

ಅವರು ಗಾಡಿಯ ಹಗ್ಗ ಬಿಚ್ಚುತ್ತಲೇ ಇದ್ದರು. ಇದೇ ಮೊದಲ ಸಲ ಉತ್ತರ ಬರಲಿಲ್ಲ. ಅದಕ್ಕೂ ನಗು ಬಂತು, ಆದರೆ ಮೊದಲಿನಷ್ಟಲ್ಲ.

ಹೊರಡುವಾಗ ಅವರ ತಾಯಿ ದೊಡ್ಡತಾಯಮ್ಮ ಸಿಕ್ಕಿದರು. ಮಗನ ಗೌರವ ಇವತ್ತು ವಾಪಸು ಬರುತ್ತದೆ ಎಂದು ಹೊಸ ಸೀರೆ ಉಟ್ಟು ನೋಡಲು ಬಂದಿದ್ದರಂತೆ. ನನ್ನ ಮುಖ ನೋಡಿ, "ನಿನ್ನ ಗಂಟ್ಲು ಸಂದಾಗೈತೆ ಕಣಪ್ಪ. ನೂರು ವರ್ಷ ಅಂಗೇ ಇರ್ಲಿ" ಅಂದರು. ಹಳೇ ಕಾಲದವರು, ಎಷ್ಟಾದರೂ ಒಂದು ಆಶೀರ್ವಾದದ ಮಾತು ಬಂದೇ ಬರುತ್ತದೆ.

ಜನವರಿ 20, ಸೋಮವಾರ

ನಿಧಿ ಮಾತಾಡುತ್ತಿಲ್ಲ. ನಾನೂ ಮಾತಾಡಿಸಲಿಲ್ಲ.

ಫೆಬ್ರವರಿ 11, ಮಂಗಳವಾರ

ಹಾಸನದಲ್ಲಿ ದೊಡ್ಡ ಓಟ, ಬೂವನಹಳ್ಳಿ ಕಡೆಯ ಬಯಲಿನಲ್ಲಿ. ಫ್ಲೆಕ್ಸಿನಲ್ಲಿ ನನ್ನ ಫೋಟೋ ಹಾಕಿದ್ದಾರೆ, 'ಮಾತಿನ ಮಲ್ಲ' ಅಂತ. ಪಕ್ಕದಲ್ಲಿ ಬಿಜಲಿಯ ತಲೆ, ಅದರ ಮೇಲೆ ಆರಿದ ಬಲ್ಬು. ಚೆನ್ನಾಗಿ ಬಂದಿದೆ.

ತೊಂದರೆ ಏನೆಂದರೆ ದೇವರಾಜು ಬರುವುದಿಲ್ಲ ಅಂದಿದ್ದಾನೆ. ಕುಮಾರ ಕಂಗಾಲು. "ಜನ ಕುದುರೆ ನೋಡಕ್ಕೆ ಬರಲ್ಲ ಕಣ್ಲಾ, ನೀನು ಅವ್ನನ್ನ ರುಬ್ಬೋದು ನೋಡಕ್ಕೆ ಬರ್ತಾರೆ. ನೀನೇ ಹೋಗಿ ಒಪ್ಪಿಸ್ಬೇಕು." ನನ್ನದೇನು ತಪ್ಪು ಇದರಲ್ಲಿ? ಆದರೂ ಹೋಗುತ್ತೇನೆ ಅಂದೆ. ಈ ಓಟ ಚೆನ್ನಾಗಿ ನಡೆದರೆ ಮುಂದಿನ ವರ್ಷಪೂರ್ತಿ ಜಿಲ್ಲೆಯಲ್ಲಿ ಮೈಕು ನನ್ನದೇ.

ಫೆಬ್ರವರಿ 20, ಗುರುವಾರ

ದೇವರಾಜುವಿನ ಊರಿಗೆ ಹೋಗಿಬಂದೆ. ಶುಂಠಿ ಕಿತ್ತ ಹೊಲ, ಹಂಚಿನ ಮನೆ, ಪಕ್ಕದಲ್ಲಿ ಲಾಯ. ಲಾಯದ ನೆಲ ನಮ್ಮ ಅಡುಗೆಮನೆಗಿಂತ ಚೊಕ್ಕ. ಬಿಜಲಿ ನನ್ನ ದನಿ ಕೇಳಿದ್ದೇ ಕಿವಿ ಹಿಂದಕ್ಕೆ ಒತ್ತಿತು. ಪ್ರಾಣಿಗಳಿಗೆ ಧ್ವನಿವರ್ಧಕದಿಂದ ಅಭ್ಯಾಸವಾಗಿರಬೇಕು.

"ಇನ್ಮೇಲೆ ಪವರ್ ಕಟ್ ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲ ದೇವರಾಜಣ್ಣ, ಆಣೆ" ಅಂದೆ. ತಲೆ ಅಲ್ಲಾಡಿಸಿದ, ಬರುವುದಿಲ್ಲ ಎಂದು. ಬಹಳ ಹೊತ್ತು ಹೇಳಿದೆ. ಕೊನೆಗೆ ಬೇರೆ ದಾರಿ ಕಾಣದೆ ಒಂದು ಮಾತು ಅಂದೆ. "ಜನ ಏನಂತಿದ್ದಾರೆ ಗೊತ್ತಾ? ಡಾಕ್ಟ್ರ ಕಥೆ ನೀವೇ ಕಟ್ಟಿದ್ದಂತೆ. ಹೆದರಿ ಓಡಿಹೋದ್ರು ಅಂತಿದ್ದಾರೆ."

ಯಾರೂ ಹಾಗಂದಿರಲಿಲ್ಲ, ನನಗೆ ತಿಳಿದ ಮಟ್ಟಿಗೆ. ಆದರೆ ಅಂದೇ ಅನ್ನುತ್ತಾರಲ್ಲ, ಇವತ್ತಲ್ಲ ನಾಳೆ.

ಒಳಗಿನಿಂದ ದೊಡ್ಡತಾಯಮ್ಮ, "ಯಾರೇನಾರ ಅನ್ಕೊಳ್ಲಿ, ನೀನು ಓಗ್ಬ್ಯಾಡ ಮಗಾ" ಅಂದರು.

ಅವನು ಬಿಜಲಿಯನ್ನು ನೋಡುತ್ತಾ ನಿಂತ. ಮುಖದಲ್ಲಿ ಏನೂ ಇರಲಿಲ್ಲ. "ಬತ್ತೀನಿ ಓಗಿ" ಅಂದ. ಅಷ್ಟೇ. ಮಣ್ಣು ಹೇಗಿದೆ, ಯಾವ ಸಾಲು ಕೊಡುತ್ತಾರೆ, ಏನೂ ಕೇಳಲಿಲ್ಲ. ಕಾಫಿಗೂ ಕರೆಯಲಿಲ್ಲ.

ಬಸ್ಸಿನಲ್ಲೇ ಕುಮಾರನಿಗೆ ಫೋನು ಮಾಡಿದೆ. "ಗುರುವೇ!" ಎಂದು ಕೂಗಿಬಿಟ್ಟ.

ಮಾರ್ಚ್ 2, ಭಾನುವಾರ

ಆದದ್ದನ್ನು ಆದಹಾಗೆ ಬರೆದಿಡುತ್ತೇನೆ.

ಮೊದಲ ಸುತ್ತಿಗೆ ಮುಂಚೆ ಕುಮಾರ ವೇದಿಕೆ ಹತ್ತಿ ಬಂದು ಕಿವಿಯಲ್ಲಿ, "ದೇವ್ರಾಜು ಚಾಟಿ ತಂದವ್ನೆ ಕಣ್ಲಾ" ಅಂದ. ನೋಡಿದೆ. ಹೊಸ ಚಾಟಿ, ಕೈಗೆ ಸುತ್ತಿಕೊಂಡಿದ್ದ. ಚಾಟಿ ಬಳಸುವಂತಿಲ್ಲ ಎಂದು ನಿಯಮ ಇದೆ, ಓಟ ಶುರುವಾಗುವ ಮುಂಚೆ ಅದನ್ನು ಮೈಕಿನಲ್ಲಿ ಹೇಳುವುದು ಪದ್ಧತಿ. "ನೀನು ಸಮಿತಿಯವನು, ಹೋಗಿ ಇಸ್ಕೊ" ಅಂದೆ. "ಮೈಕು ನಿನ್ನ ಹತ್ರ ಇದೆ, ನೀನೇ ಹೇಳು" ಅಂದ. ಇಬ್ಬರೂ ಜನದ ಕಡೆ ನೋಡಿದೆವು. ಎಲ್ಲರ ಮೊಬೈಲೂ ಅವನ ಕಡೆಗೇ ಇತ್ತು. ಬಾವುಟ ಬಿತ್ತು.

ಚಾಟಿ ಬೀಸಿದ ಸದ್ದು ವೇದಿಕೆಗೂ ಕೇಳಿತು. ಬಿಜಲಿ ಯಾವತ್ತೂ ಹಾಗೆ ಓಡಿರಲಿಲ್ಲ. ಅರ್ಧ ದಾರಿಯಲ್ಲಿ ನಿಧಾನವಾಗಲು ನೋಡಿತು, ಅವನು ಬಿಡಲಿಲ್ಲ. ಗೆದ್ದಿತು. ನನಗೇ ನಂಬಿಕೆ ಬರಲಿಲ್ಲ. "ಕರೆಂಟ್ ಬಂತು! ಕರೆಂಟ್ ಬಂತು ಸ್ವಾಮೀ!" ಎಂದು ಕೂಗಿದೆ. ಕರೆಂಟ್ ಬಂತು ಅನ್ನುವುದು ಹೊಗಳಿಕೆ. ಪವರ್ ಕಟ್ ಅನ್ನುವುದಿಲ್ಲ ಅಂದಿದ್ದೆ, ಅನ್ನಲಿಲ್ಲ. ಜನ ಎದ್ದು ನಿಂತರು. ಅವನ ಹೆಸರು ಹಿಡಿದು ಜೈಕಾರ ಹಾಕಿದರು. ಅವನು ತಿರುಗಿಯೂ ನೋಡಲಿಲ್ಲ. ಸುತ್ತುಗಳ ನಡುವೆ ಗಾಡಿಯಿಂದ ಇಳಿಯಲೂ ಇಲ್ಲ, ಕುದುರೆಯ ಕಿವಿಯ ಹತ್ತಿರ ಹೋಗಲೂ ಇಲ್ಲ. ನೀರಿನ ಬಕೆಟ್ಟು ಹಿಡಿದು ಯಾರೋ ಹೋದರೆ ಬೇಡ ಎಂದು ಕೈಯಾಡಿಸಿದ.

ಕೊನೆಯ ಸುತ್ತು. ಎದುರಾಳಿ ಚನ್ನರಾಯಪಟ್ಟಣದ ಕೆಂಚು ಕುದುರೆ, ಎರಡು ವರ್ಷದಿಂದ ಸೋಲದ್ದು. ಅರ್ಧ ದಾರಿಯವರೆಗೆ ಸಮಸಮ. ವೇದಿಕೆಯ ಮುಂದೆ ಹಾದುಹೋಗುವಾಗ ಅಷ್ಟು ಗದ್ದಲದಲ್ಲೂ ಬಿಜಲಿಯ ಉಸಿರು ಕೇಳಿಸಿತು. ಶಿಳ್ಳೆ ಅಲ್ಲ ಅದು, ಗರಗಸದಲ್ಲಿ ಹಲಗೆ ಕೊಯ್ದ ಹಾಗೆ. ದೇವರಾಜು ಗಾಡಿಯಲ್ಲಿ ಎದ್ದು ನಿಂತು ಬಾರಿಸುತ್ತಿದ್ದ. ಬೂದಿ ಬಣ್ಣದ ಮೈಮೇಲೆ ಗೆರೆ ಏಳುವುದು ಕಾಣುತ್ತಿತ್ತು. ನಾನು ಏನೇನು ಕೂಗಿದೆನೋ ನೆನಪಿಲ್ಲ. ಎಲ್ಲರೂ ಕೂಗುತ್ತಿದ್ದರು.

ಬಿಜಲಿಯೇ ಮೊದಲು ಗೆರೆ ದಾಟಿತು.

ದಾಟಿ ಸ್ವಲ್ಪ ದೂರ ಹೋಗಿ ಮುಂಗಾಲು ಮಡಿಸಿತು. ಗಾಡಿ ಮಗುಚಿ ದೇವರಾಜು ಮಣ್ಣಿಗೆ ಬಿದ್ದ. ನಾನು ಹೋಗುವಷ್ಟರಲ್ಲಿ ಯಾರೋ ಪಟ್ಟಿಗಳನ್ನು ಕುಯ್ದು ಕುದುರೆಯನ್ನು ಬಿಡಿಸಿದ್ದರು. ಮೂಗಿನಿಂದ ನೊರೆ ಬರುತ್ತಿತ್ತು, ನೊರೆ ಪೂರ್ತಿ ಕೆಂಪು. ಕಾಲು ಇನ್ನೂ ಓಡುವ ಹಾಗೆ ಆಡುತ್ತಿತ್ತು. ಪಶುವೈದ್ಯರು ಬಂದು, ಮಂಡಿಯೂರಿ, ಕಣ್ಣಿನ ರೆಪ್ಪೆ ಮುಟ್ಟಿ ನೋಡಿ ಎದ್ದರು. ಅಷ್ಟು ಹೊತ್ತಿಗೆ ಕಾಲೂ ನಿಂತಿತ್ತು.

ಅವನು ತಲೆಯ ಹತ್ತಿರ ಕೂತಿದ್ದ. ಬಿಳಿ ಅಂಗಿಯ ತೋಳಿನಿಂದ ಅದರ ಮೂಗು ಒರೆಸುತ್ತಿದ್ದ, ಒರೆಸಿದಷ್ಟೂ ಬರುತ್ತಿತ್ತು. ನಾನು ಮೈಕು ಯಾಕೆ ಹಿಡಿದುಕೊಂಡು ಹೋಗಿದ್ದೆ ಗೊತ್ತಿಲ್ಲ. ಕೈಯಲ್ಲೇ ಇತ್ತು. ಜನ ಸುತ್ತ ನಿಂತು ಕಾಯುತ್ತಿದ್ದರು, ಯಾರಾದರೂ ಏನಾದರೂ ಮಾತಾಡಬೇಕಿತ್ತು.

"ದೇವರಾಜಣ್ಣ, ಏನಾಯ್ತು?" ಅಂದೆ.

ತಲೆ ಎತ್ತಿದ. ಮೈಕಿನ ಹತ್ತಿರ ಬಾಯಿ ತಂದ, ಮೊದಲು ತರುತ್ತಿದ್ದ ಹಾಗೇ. "ಏನೂ ಇಲ್ಲ ಮೇಷ್ಟ್ರೇ. ಮಣ್ಣು ಚೆನ್ನಾಗಿತ್ತು. ಬಿಸ್ಲೂ ಇರ್ಲಿಲ್ಲ. ನಾನು ಒಡ್ದೆ. ಸತ್ತೋದ್ಲು."

ಬಯಲಿನ ಎಲ್ಲ ಸ್ಪೀಕರುಗಳಲ್ಲೂ ಅದು ಕೇಳಿಸಿತು.

ನಿಯಮದ ಪ್ರಕಾರ ಗೆರೆ ದಾಟಿದ್ದರಿಂದ ಮೊದಲ ಬಹುಮಾನ ಅವನದೇ. ಘೋಷಣೆ ಮಾಡು ಅಂದರು, ಮಾಡಿದೆ. ಯಾರೂ ಬರಲಿಲ್ಲ. ಟ್ರೋಫಿಯನ್ನು ಕುಮಾರ ತನ್ನ ಕಾರಿನ ಡಿಕ್ಕಿಗೆ ಹಾಕಿಕೊಂಡ.

ಮಾರ್ಚ್ 3, ಸೋಮವಾರ

ನಿಯಮ ಹೇಳುವುದು ಸಮಿತಿಯ ಕೆಲಸ. ಬರೆದು ಕೈಗೆ ಕೊಟ್ಟಿದ್ದರೆ ಓದುತ್ತಿದ್ದೆ, ಕೊಟ್ಟಿರಲಿಲ್ಲ. ಎರಡನೆಯದು, ವೈದ್ಯರು ಅಲ್ಲೇ ಇದ್ದರು. ಓಟಕ್ಕೆ ಮುಂಚೆ ಕುದುರೆ ಪರೀಕ್ಷೆ ಮಾಡಿದವರು ಅವರು. ಮೂರನೆಯದು, ಚಾಟಿ ನಾನು ತಂದದ್ದಲ್ಲ. ನಾಲ್ಕನೆಯದು, ನೀರು ಕುಡಿಸಬೇಡ ಅಂದದ್ದು ಅವನೇ. ಅಲ್ಲದೆ ಮಾರ್ಚ್ ತಿಂಗಳ ಬಿಸಿಲು. ಬಿಸಿಲಿರಲಿಲ್ಲ ಅಂದ, ಅವನಿಗೇನು ಗೊತ್ತು, ಅವನು ಇದ್ದ ಸ್ಥಿತಿಯಲ್ಲಿ. ವಯಸ್ಸಾದ ಕುದುರೆ. ರೇಸಿನವರೇ ಬೇಡವೆಂದು ಬಿಟ್ಟದ್ದು.

ಮಾರ್ಚ್ 5, ಬುಧವಾರ

ನಿಧಿ ಮೊಬೈಲು ತಂದು ನನ್ನ ಮುಂದೆ ಇಟ್ಟಳು. ಕೊನೆಯ ಸುತ್ತಿನ ವಿಡಿಯೋ. ನನ್ನ ದನಿ ಸ್ಪಷ್ಟವಾಗಿದೆ. "ಹೊಡಿ ದೇವರಾಜಣ್ಣ! ಹೊಡಿ! ಹೊಡಿ!"

"ನಾನು ಅಂದದ್ದು ಓಡಿ. ಓಡಿ ದೇವರಾಜಣ್ಣ ಅಂತ" ಅಂದೆ. "ಸ್ಪೀಕರಿನಲ್ಲಿ ಹಾಗೆ ಕೇಳಿಸ್ತದೆ. ಈ ಕಡೆ ಯಾರ ಬಾಯಲ್ಲಿ ಹಕಾರ ನೆಟ್ಟಗೆ ಇದೆ, ಎಲ್ಲ ಕಲಸಿಹೋಗಿದೆ."

"ನಿಮ್ಮ ಬಾಯಲ್ಲಿ ಹಕಾರ ಯಾವತ್ತಾದ್ರೂ ತಪ್ಪಿದೆಯೇನ್ರೀ?" ಅಂದಳು.

ಮತ್ತೆ ಮತ್ತೆ ಹಾಕಿ ಕೇಳಿದೆ. ಗಾಳಿ ಇದೆ, ಜನರ ಗದ್ದಲ ಇದೆ. ಎರಡೂ ಆಗಬಹುದು. ಮೂರನೇ ಸಲ ಅಂದದ್ದಂತೂ ಓಡಿಯೇ.

ಮಾರ್ಚ್ 16, ಭಾನುವಾರ

ಎಲ್ಲೂ ಓಟವಿಲ್ಲ. ಪತ್ರಿಕೆಯಲ್ಲಿ ಬಂದದ್ದರಿಂದ ಸ್ವಲ್ಪ ದಿನ ತಣ್ಣಗಾಗಲಿ ಎಂದು ಕುಮಾರ ಹೇಳಿದ. ನಿಧಿ ಅವಳ ಅಕ್ಕನ ಮನೆಗೆ ಹೋಗಿ ಬಂದಳು. ಸಾರಿಗೆ ಉಪ್ಪು ಹಾಕಿರಲಿಲ್ಲ, ನಾನು ಕೇಳಲಿಲ್ಲ.

ಏಪ್ರಿಲ್ 10, ಗುರುವಾರ

ಇವತ್ತು ಮನಸ್ಸು ಹಗುರವಾ​ಗಿದೆ. ಇಲ್ಲೇ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ದೇವರಾಜಣ್ಣ ಸಿಕ್ಕಿದರು. ಹೊಳೆನರಸೀಪುರದ ಬಸ್ಸು ನಿಂತಿತ್ತು, ಡ್ರೈವರು ಟೀ ಕುಡಿಯಲು ಹೋಗಿದ್ದ. ಕಿಟಕಿ ಪಕ್ಕ ಕೂತಿದ್ದರು. ಮುಖ ತಿರುಗಿಸುತ್ತಾರೆ ಅಂದುಕೊಂಡೆ, ಇಲ್ಲ. "ಬನ್ನಿ ಮೇಷ್ಟ್ರೇ, ಊಟ ಆಯ್ತಾ? ಮನೇಲಿ ನಮ್ ತಂಗಿ ಚೆನ್ನಾಗವ್ಳಾ?" ಎಂದು ಕೇಳಿದರು. ತುಂಬ ಇಳಿದಿದ್ದಾರೆ. ಅಂಗಿಯ ಕಾಲರು ಕುತ್ತಿಗೆಗೆ ದೊಡ್ಡದಾಗಿದೆ.

ಹತ್ತಿ ಪಕ್ಕದಲ್ಲಿ ಕೂತೆ. ಇಷ್ಟು ದಿನ ಯಾರಿಗೂ ಹೇಳಲಾಗದೆ ಉಳಿದದ್ದು ಎಲ್ಲ ಹೇಳಿದೆ. ನಿಯಮದ ಕಾಗದ ನನ್ನ ಕೈಗೆ ಬಂದಿರಲಿಲ್ಲ ಅಂದೆ.

"ಇರ್ಬೌದು ಮೇಷ್ಟ್ರೇ" ಅಂದರು.

ಹೊಳೆನರಸೀಪುರದಲ್ಲಿ ಶುಂಠಿಯ ಮಾತು ಬಾಯಿತಪ್ಪಿ ಬಂದದ್ದು, ಮನಸ್ಸಿನಿಂದಲ್ಲ ಅಂದೆ.

"ಇರ್ಬೌದು."

ನಾನು ಕೂಗಿದ್ದು ಓಡಿ ಅಂತ, ಹೊಡಿ ಅಂತ ಅಲ್ಲ, ಅಂದೆ. ಇದನ್ನು ಎರಡು ಮೂರು ಸಲ ಬಿಡಿಸಿ ಹೇಳಿದೆ, ಎರಡನ್ನೂ ಉಚ್ಚರಿಸಿ ತೋರಿಸಿದೆ. ಕಿಟಕಿಯ ಸರಳು ಹಿಡಿದುಕೊಂಡು ಪೂರ್ತಿ ಕೇಳಿದರು. ಒಮ್ಮೆಯೂ ಅಡ್ಡ ಬಾಯಿ ಹಾಕಲಿಲ್ಲ. "ಅಂಗೂ ಇರ್ಬೌದು ಬುಡಿ ಮೇಷ್ಟ್ರೇ. ನಂಗೆ ಸರ್ಯಾಗಿ ಕೇಳಿಸ್ಲಿಲ್ಲ" ಅಂದರು.

ಎಂಥ ಮನುಷ್ಯ! ಒಂದು ಕಾರಣವನ್ನೂ ತಳ್ಳಿಹಾಕಲಿಲ್ಲ. ಡ್ರೈವರು ಬಂದ ಮೇಲೂ ಇಳಿದು ಕಿಟಕಿಯ ಕೆಳಗೆ ನಿಂತು, ಓಟಕ್ಕೆ ಮುಂಚೆ ಪರೀಕ್ಷೆ ಮಾಡಿದ ಡಾಕ್ಟರೇ ತಡೆಯಬೇಕಿತ್ತು ಅನ್ನುವ ವಿಷಯ ಹೇಳುತ್ತಿದ್ದೆ. ಬಸ್ಸು ಹೊರಟಿತು. ಅವರು ಕೈಮುಗಿದರು.

ಮನೆಗೆ ಬಂದು ನಿಧಿಗೆ ಹೇಳಿದೆ. ಎಷ್ಟೋ ದಿನದ ಮೇಲೆ ಎದುರು ಕೂತು ಕೇಳಿದಳು. ಎಲ್ಲ ಮುಗಿದ ಮೇಲೆ, "ನೀವು ಅವರನ್ನ ಏನು ಕೇಳಿದ್ರಿ?" ಅಂದಳು.

"ಏನು ಕೇಳೋದು?"

"ಹೇಗಿದ್ದೀರಿ ಅಂತಾನಾದ್ರೂ ಕೇಳಿದ್ರಾ?"

ಬಸ್ಸು ಬೇಗ ಹೊರಟುಬಿಟ್ಟಿತು ಅಂದೆ.